ಪ್ರತಿ ಸಾಲಿನ ಮುಂದೆ ಅವನ ಹೆಸರು

"ಇದನ್ನ ಓದೋಕೆ ಬರೆದಿದಾರೆ ಕಣ್ರೀ, ಸ್ಕ್ರೀನ್ ಎತ್ತರ ಮಾಡೋಕಲ್ಲ."

ವೆಬ್‌ಸೈಟ್ ಕಂಪನಿಯ ಹಿರಿಯನಾದ ಅವನು ಹೀಗೆಂದು ಅವಳ ಸ್ಕ್ರೀನಿನ ಅಡಿಯಿಂದ ದಪ್ಪ ಪ್ರೋಗ್ರಾಮಿಂಗ್ ಪುಸ್ತಕವನ್ನು ಎಳೆದುಕೊಂಡಾಗ, ಅವಳು ಕೆಲಸಕ್ಕೆ ಸೇರಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಮುಖ ಕೆಂಪಾಯಿತು.

"ನಾನಿಟ್ಟಿದ್ದಲ್ಲ ಸರ್. ಮೊದಲೇ ಇತ್ತು."

"ಗೊತ್ತು. ಇಟ್ಟವನು ನಾನೇ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗಬಾರದಿತ್ತೇನೋ ಎಂದು ದಿನವಿಡೀ ಯೋಚಿಸಿದಳು. ಹಗಲು ಬಟ್ಟೆಯಂಗಡಿಯಲ್ಲಿ ನಿಂತು, ಸಂಜೆ ಕ್ಲಾಸಿನಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿತವಳು. ಡಿಗ್ರಿಯವರ ನಡುವೆ ಕೂತಾಗೆಲ್ಲ, ಯಾರಾದರೂ ಬಂದು ಎಬ್ಬಿಸಿ ಕಳಿಸುತ್ತಾರೆ ಎಂಬ ಅಳುಕು.

ಅವನು ಎಬ್ಬಿಸಲಿಲ್ಲ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ.

ಆ ವರ್ಷವನ್ನು ನೆನೆದರೆ ಈಗಲೂ ಅವಳ ಎದೆ ಭಾರವಾಗುತ್ತದೆ. ಮೂರನೇ ಮಹಡಿಯ ಆ ಕೋಣೆ, ನಾಲ್ಕೇ ಮೇಜು, ಪುಟವೊಂದು ತೆರೆದುಕೊಳ್ಳುವಷ್ಟರಲ್ಲಿ ಅರ್ಧ ಲೋಟ ಚಹಾ ಮುಗಿಯುತ್ತಿದ್ದ ಆ ಹಳೆಯ ಕಂಪ್ಯೂಟರ್... ಊಟದ ಬಿಡುವಿನಲ್ಲಿ ದಿನಕ್ಕೆರಡು ಪುಟ ಆ ಪುಸ್ತಕ ಓದುತ್ತಿದ್ದರು.

"ಟೂಲ್ ವರ್ಷಕ್ಕೊಂದು ಬದಲಾಗುತ್ತೆ," ಅನ್ನುತ್ತಿದ್ದ. "ಓದಿದ್ದು ಅಷ್ಟು ಬೇಗ ಹಳಸಲ್ಲ."

ಅವನ ಬಾಯಲ್ಲಿ 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಒಂದು ಪುಸ್ತಕದಂಗಡಿಯ ವೆಬ್‌ಸೈಟಿಗೆ ಹುಡುಕುವ ಪುಟವನ್ನು ಅವಳೊಬ್ಬಳೇ ಬರೆದಳು. ಮೂರು ತಿಂಗಳು ಹಿಡಿಯಿತು. ಅದು ಮುಗಿದ ಶುಕ್ರವಾರ, ಮೆಟ್ಟಿಲಿಳಿಯುತ್ತಾ ಅವನು ಕೇಳಿದ:

"ಒಂದಿನ ಮನೆಗೆ ಬರ್ತೀಯಾ? ಅಮ್ಮ ನಿನ್ನ ನೋಡಬೇಕಂತೆ."

"ಸೋಮವಾರ ಹೇಳ್ತೀನಿ," ಅಂದಳು. ಉತ್ತರ ಆಗಲೇ ಗೊತ್ತಿತ್ತು. ಎರಡು ದಿನ ಅದನ್ನು ತನ್ನಲ್ಲೇ ಇಟ್ಟುಕೊಳ್ಳುವ ಆಸೆ, ಅಷ್ಟೇ.

ಸೋಮವಾರ ಬೆಳಿಗ್ಗೆ ತನ್ನ ಪುಟದ ಕೋಡ್ ತೆರೆದಳು. ಯಾವ ಸಾಲನ್ನು ಯಾರು ಬರೆದರೆಂದು ತೋರಿಸುವ ಸ್ಕ್ರೀನಿನ ಅಂಚಿನಲ್ಲಿ, ಮೊದಲಿನಿಂದ ಕೊನೆಯವರೆಗೆ ಅವನ ಹೆಸರು. ಅವಳದು ಒಂದೂ ಇಲ್ಲ.

*ಎಲ್ಲವನ್ನೂ ತನ್ನದೆಂದು ಬರೆಸಿಕೊಂಡನಾ... ಇದಕ್ಕೇನಾ ಅಷ್ಟೊಂದು ಪ್ರೀತಿ?*

ಜಗಳವಾಡುವಷ್ಟು ಧೈರ್ಯ ಅವಳಲ್ಲಿರಲಿಲ್ಲ. ಅವನು ಬರುವ ಮೊದಲೇ ರಾಜೀನಾಮೆ ಕೊಟ್ಟು ಇಳಿದುಹೋದಳು. ಅವನ ಫೋನು ಎರಡು ಸಲ ಬಂತು. ಎತ್ತಲಿಲ್ಲ.

ಏಳು ವರ್ಷ ಕಳೆಯಿತು.

ಈಗ ಅವಳ ಕೈಕೆಳಗೆ ಆರು ಜನ. ಮೊನ್ನೆ ಅವರಲ್ಲೊಬ್ಬಳು, ಇಬ್ಬರು ಮಕ್ಕಳ ತಾಯಿ, ಮುಖ ಊದಿಸಿಕೊಂಡು ಬಂದಳು.

"ಮೇಡಂ, ಆ ಫಾರಂ ಪೂರ್ತಿ ನಾನು ಬರೆದಿದ್ದು. ಈಗ ನೋಡಿದ್ರೆ ಎಲ್ಲಾ ಸಾಲಲ್ಲೂ ನಿಮ್ಮ ಹೆಸರಿದೆ."

"ಅಯ್ಯೋ, ನಾನೇನೂ ಬರೆದಿಲ್ಲ ಮಾರಾಯ್ತಿ. ಸಾಲುಗಳನ್ನ ಒಂದೇ ಅಳತೆಗೆ ಜೋಡಿಸೋ ಟೂಲ್ ಓಡಿಸಿದೆ, ಅಷ್ಟೇ. ಅದು ಮುಟ್ಟಿದ ಸಾಲಿಗೆಲ್ಲ ಓಡಿಸಿದವರ ಹೆಸರು ಬೀಳುತ್ತೆ. ಅದಕ್ಕೂ ಹಿಂದಿನ ಪ್ರತಿ ತೆಗೆದು ನೋಡು, ನಿನ್ನ ಹೆಸರು ಹಾಗೇ..."

ಹೇಳುತ್ತಿದ್ದವಳಿಗೆ ಥಟ್ಟನೆ ತನ್ನ ಆ ಹುಡುಕುವ ಪುಟ ನೆನಪಾಯಿತು.

ಇಷ್ಟು ವರ್ಷ ಇದೇ ಕೆಲಸ ಮಾಡಿದವಳು ಆ ಸೋಮವಾರವನ್ನು ಮಾತ್ರ ಮತ್ತೆ ಬಿಚ್ಚಿ ನೋಡಿರಲಿಲ್ಲ. ನೋಯುತ್ತದೆಂದು ಮುಚ್ಚಿಟ್ಟಿದ್ದಳು.

ಅವನ ನಂಬರ್ ಬದಲಾಗಿರಲಿಲ್ಲ. ಮರುದಿನ ಸಂಜೆ ಐದಕ್ಕೆ, ಅವನ ಈಗಿನ ಆಫೀಸಿನ ಎದುರಿನ ಕಲ್ಲುಬೆಂಚಿನ ಮೇಲೆ ಎಲ್ಲವನ್ನೂ ಹೇಳಿ ಮುಗಿಸಿದಳು. ಅವನ ಕಿವಿಯ ಪಕ್ಕ ಕೂದಲು ನರೆತಿತ್ತು.

ಅವನು ಹಣೆಗೆ ಕೈಯೊತ್ತಿಕೊಂಡ.

"ಶನಿವಾರ ಬಂದು ಎಲ್ಲಾ ಫೈಲಿಗೂ ಆ ಟೂಲ್ ಓಡಿಸಿದ್ದೆ. ನಿನಗೊಂದು ಮಾತು ಹೇಳಬೇಕಿತ್ತು. ಹೊಳೀಲಿಲ್ಲ." ಉಸಿರೆಳೆದುಕೊಂಡ. "ಮನೆಗೆ ಕರೆದಿದ್ದಕ್ಕೇ ಓಡಿಹೋದೆ ಅಂದ್ಕೊಂಡೆ. ಅದಕ್ಕೇ ಮೂರನೇ ಸಲ ಫೋನ್ ಮಾಡಲಿಲ್ಲ."

ಅವಳ ಕಣ್ಣು ತುಂಬಿತು. "ನಿಮಗೆ... ಮದುವೆ?"

"ಅಮ್ಮ ಕೇಳೋದನ್ನೇ ಬಿಟ್ಟಿದಾರೆ. ನಿನಗೆ?"

ಇಲ್ಲವೆಂದು ತಲೆಯಾಡಿಸಿದಳು. ಇಂದು ಹೇಳದಿದ್ದರೆ ಇನ್ನು ಹೇಳಲಾಗದು.

"ಏಳು ವರ್ಷ ನಿಮ್ಮನ್ನ ಕಳ್ಳ ಅಂತಾನೇ ನಂಬಿದ್ದೆ. ಆದ್ರೂ ಇಷ್ಟಪಡೋದು ಬಿಡೋಕೆ ಆಗಲಿಲ್ಲ."

"ಕಳ್ಳನ್ನಾ?"

"ಹೂಂ... ಕಳ್ಳನ್ನೇ."

ಅವನು ನಗತೊಡಗಿದ. ನಗುತ್ತಲೇ ಕಣ್ಣೊರೆಸಿಕೊಂಡ.

"ಈಗ ಕಳ್ಳ ಅಲ್ಲ ಅಂತ ಗೊತ್ತಾಯ್ತಲ್ಲ. ಏನು ಮಾಡ್ತೀಯ?"

"ಕಳ್ಳ ಅಲ್ಲದವರನ್ನ ಇಷ್ಟಪಟ್ಟು ಅಭ್ಯಾಸ ಇಲ್ಲ. ಸ್ವಲ್ಪ ದಿನ ಬೇಕು."

"ತಗೋ," ಎಂದು ಅವಳ ಕೈ ಹಿಡಿದುಕೊಂಡ. "ಇಲ್ಲೇ ಇರ್ತೀನಿ."