ಅರ್ಧ ಚೀಟಿಗಳ ಪುಸ್ತಕ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ. ಎಲ್ಲ ನನ್ನ ಕಣ್ಣೆದುರೇ ನಡೆದದ್ದು.

ನಮ್ಮದು ಮದ್ಯ ತುಂಬುವ ಕಾರ್ಖಾನೆ. ಪ್ರತಿ ಬಾಟಲಿಯ ಮುಚ್ಚಳದ ಮೇಲೂ ಸರ್ಕಾರದ ಸುಂಕದ ಚೀಟಿ ಇರಬೇಕು. ಚೀಟಿಗಳ ಕೋಣೆಯ ಬೀಗದ ಕೈ ನನ್ನ ಅಕ್ಕನ ಹತ್ತಿರ. ಪೇಟೆಯಲ್ಲಿ ಸಿಕ್ಕಿಬಿದ್ದ ಕಳ್ಳ ಮದ್ಯದ ಬಾಟಲಿಗಳ ಮೇಲೆ ನಮ್ಮದೇ ಅಸಲಿ ಚೀಟಿಗಳಿದ್ದವು.

"ನಾಳೆಯೊಳಗೆ ಕಳ್ಳ ಸಿಗ್ಲಿಲ್ಲ ಅಂದ್ರೆ ಇವಳನ್ನೇ ಒಳಗೆ ಹಾಕ್ತೀನಿ," ಎಂದರು ಸುಂಕದ ಅಧಿಕಾರಿ, ಅಕ್ಕನಿಂದ ಬೀಗದ ಕೈ ಕಿತ್ತುಕೊಂಡು. ಮೂರು ದಿನ ನನ್ನ ಊಟದ ಡಬ್ಬಿಯನ್ನೂ ಬಿಡದೆ ತಡಕಿದ್ದರು.

ಕಾರ್ಖಾನೆಯ ಹಿಂದಿನ ಕೋಣೆಯಲ್ಲೇ ನಮ್ಮ ಸೋದರತ್ತೆಯ ವಾಸ. ಲೇಬಲ್ ಅಂಟಿಸಿ ಅಂಟಿಸಿ ಅವಳ ಬೆರಳು ಎಷ್ಟು ಅಂಟಾಗಿತ್ತೆಂದರೆ, ಬಾಗಿಲು ಮುಟ್ಟಿದರೆ ಚಿಲಕವೇ ಕಿತ್ತು ಬರುತ್ತಿತ್ತು. ಅಲ್ಲಿ ಏನು ಕಳೆದರೂ ಹುಡುಕಿಕೊಡುತ್ತಿದ್ದವಳು ಅವಳೇ.

"ಹಾಳಾದ ಚೀಟಿಗಳ ಪುಸ್ತಕ ತಗೊಂಡ್ಬಾರೋ," ಎಂದಳು. ಮೆಷಿನ್ನಿನಲ್ಲಿ ಹರಿದ ಚೀಟಿಗಳನ್ನು ಮೇಸ್ತ್ರಿ ಅದರಲ್ಲಿ ಅಂಟಿಸಿ ಲೆಕ್ಕ ಬರೆಯಬೇಕಿತ್ತು.

ಆ ದಪ್ಪ ಪುಸ್ತಕವನ್ನು ಮೂರು ಸಲ ಹೊರಿಸಿದಳು. ಒಮ್ಮೆ ಬೆಳಕು ಸಾಲದು, ಒಮ್ಮೆ ಕನ್ನಡಕ ಸಿಗದು.

"ಅತ್ತೇ, ನನ್ನ ಸೊಂಟ ಬಿತ್ತು!"

"ಅಕ್ಕ ಜೈಲಲ್ಲಿರ್ತಾಳೆ, ನೀನು ಸೊಂಟ ಹಿಡ್ಕೊಂಡು ಕೂತ್ಕೋ. ಇಲ್ನೋಡು, ಎಲ್ಲವೂ ಅರ್ಧರ್ಧ. ಕೆಲವಕ್ಕೆ ನಂಬರಿದೆ, ಕೆಲವಕ್ಕೆ ಇಲ್ಲ."

"ನಂಬರಿನ ಕಡೆ ಹರಿದು ಹೋಗಿರುತ್ತೆ ಬಿಡು."

"ಹರಿದು ಎಲ್ಲಿಗೆ ಹೋಯ್ತು ಮಂಕೇ?"

ಮರುದಿನ ಮಾಲೀಕರ ಕೋಣೆಯಲ್ಲಿ ಎಲ್ಲರೂ ಸೇರಿದರು. ಅತ್ತೆ ಬಟ್ಟಲು ನೀರು ತರಿಸಿದಳು.

"ತುಂಡುಗಳನ್ನ ನಾವೂ ಎಣಿಸಿದ್ದೀವಮ್ಮ. ಲೆಕ್ಕ ಸರಿಯಾಗಿದೆ," ಎಂದು ಅಧಿಕಾರಿ ಸಿಡುಕಿದರು.

"ಎಣಿಸಿದಿರಿ. ಜೋಡಿಸಿದ್ರಾ?"

ಒದ್ದೆ ಬಟ್ಟೆಯಿಂದ ನಂಬರಿದ್ದ ಒಂದು ತುಂಡು ಎಬ್ಬಿಸಿದಳು. ಎರಡು ಹಾಳೆ ಆಚೆಯಿಂದ ನಂಬರಿಲ್ಲದ ಇನ್ನೊಂದು. ಅಂಚಿಗೆ ಅಂಚು ಕೂತು ಒಂದೇ ಚೀಟಿಯಾಯಿತು. ಹೀಗೆ ಹತ್ತು ಜೋಡಿ.

"ಮೆಷಿನ್ನು ಹಂಗೇ ಹರಿಯುತ್ತೆ!" ಎಂದ ಮೇಸ್ತ್ರಿ.

"ಹರೀಲಪ್ಪ. ಒಂದು ಚೀಟಿಯ ಎರಡು ತುಂಡನ್ನ ಎರಡು ಚೀಟಿ ಅಂತ ಬರೆದವನು ಯಾರು? ನಮ್ಮ ಹುಡುಗಿ ಕೋಣೆಯಿಂದ ಎರಡು ಚೀಟಿ ಕೊಟ್ಟಿದ್ಲು. ಒಂದು ಹರೀತು. ಇನ್ನೊಂದು ಒಳ್ಳೇದು ನಿನ್ನ ಜೇಬಿಗೆ, ಅಲ್ಲಿಂದ ಕಳ್ಳ ಬಾಟಲಿಗೆ. ಈ ಪುಸ್ತಕ ಮುಟ್ಟೋನು ನೀನೊಬ್ಬನೇ."

ಮೇಸ್ತ್ರಿ ತಪ್ಪಾಯ್ತೆಂದು ಅಧಿಕಾರಿಯ ಕಾಲಿಗೆ ಬಿದ್ದ. ಅಧಿಕಾರಿ ಅಕ್ಕನಿಗೆ ಒಂದು ಒಳ್ಳೆಯ ಮಾತೂ ಆಡದೆ ಬೀಗದ ಕೈಯನ್ನು ಮೇಜಿನ ಮೇಲೆ ತಳ್ಳಿದರು. ನನಗೆ ಮೈಯೆಲ್ಲ ಉರಿಯಿತು.

ಈಗ ನೀವು ಒಂದು ಕೆಲಸ ಮಾಡಿ. ಮನೆಯ ಕಪಾಟಿನಲ್ಲಿರುವ ಬಾಟಲಿ ತನ್ನಿ, ಚೀಟಿ ಅಸಲಿಯೋ ಅಲ್ಲವೋ ನೋಡಿ ಹೇಳುತ್ತೇನೆ. ತುಂಬಿದ್ದನ್ನೇ ತನ್ನಿ. ಖಾಲಿ ಬಾಟಲಿಯಲ್ಲಿ ನನಗೆ ಅಷ್ಟು ಸರಿಯಾಗಿ ತಿಳಿಯುವುದಿಲ್ಲ.