ಕಲ್ಕತ್ತದ ಭಾನುವಾರಗಳು

ಬಂದ್ ದಿನ ಮಧ್ಯಾಹ್ನ ಊಟ ಬರಲಿಲ್ಲವೆಂದು ವಿಜೇತಾ ಕೇಟರಿಂಗಿನವರಿಗೆ ಫೋನ್ ಮಾಡಿ, ಬರುವಷ್ಟು ಹಿಂದಿಯಲ್ಲೆಲ್ಲ ಬೈದಳು.

ಅದು ಎರಡು ಸಾವಿರದ ಐದನೇ ಇಸವಿ, ದೀಪಾವಳಿ ಮುಗಿದ ಹೊಸತು. ಕಲ್ಕತ್ತದ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ಧಾರವಾಡದ ಹುಡುಗಿ ವಿಜೇತಾ ಬೆಂಗಳೂರಿನ ಆಫೀಸಿನಿಂದ ಪ್ರಾಜೆಕ್ಟಿನ ಮೇಲೆ ಅಲ್ಲಿಗೆ ಬಂದು ತಿಂಗಳಾಗಿತ್ತು. ಊರಿಗೆ ಊರೇ ಬಾಗಿಲು ಹಾಕಿಕೊಂಡರೂ ಅಮೆರಿಕದ ಕ್ಲೈಂಟಿಗೆ ಬಂದ್ ಇಲ್ಲವಲ್ಲ. ಆಫೀಸಿನವರು ಹಿಂದಿನ ದಿನವೇ ಎಲ್ಲರನ್ನೂ ಒಳಗೆ ಸೇರಿಸಿಕೊಂಡು ಕಾನ್ಫರೆನ್ಸ್ ರೂಮಿನಲ್ಲಿ ಹಾಸಿಗೆ ಹಾಸಿಸಿದ್ದರು. ಸರಿಯಾದ ನಿದ್ದೆಯಿಲ್ಲ, ಸ್ನಾನವಿಲ್ಲ. ಈಗ ಊಟವೂ ಇಲ್ಲ.

"ಮೇಡಂ, ರಾಸ್ತೇ ಮೇ ಹೂಂ," ಎಂದಿತು ಅತ್ತಲಿನ ದನಿ, ಏದುಸಿರು ಬಿಡುತ್ತ.

"ರಸ್ತೆಯೊಳಗ ಇದ್ದಾನಂತ! ಸುಳ್ಳ ಹೇಳಾಕ ನಾಚಿಕಿನೂ ಇಲ್ಲ ಇವಕ್ಕ," ಎಂದು ತನ್ನಷ್ಟಕ್ಕೆ ಗೊಣಗಿ ಫೋನ್ ಇಟ್ಟಳು.

ಅರ್ಧ ಗಂಟೆಯಾದ ಮೇಲೆ, ಅವಳು ಕಾಯುತ್ತ ನಿಂತಿದ್ದ ಗೇಟಿನಲ್ಲಿ ಒಬ್ಬ ಸೈಕಲ್ಲಿನಿಂದ ಇಳಿದ. ಹಿಂದಿನ ಕ್ಯಾರಿಯರಿಗೆ, ಹ್ಯಾಂಡಲ್ಲಿಗೆ, ಎಲ್ಲ ಕಡೆ ಡಬ್ಬಿ ಕಟ್ಟಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ ಇಟ್ಟು, ಅವಳ ಕಡೆ ತಿರುಗಿ ಮೆಲ್ಲಗೆ ಹೇಳಿದ:

"ಸುಳ್ಳಲ್ಲ ಮಾರಾಯ್ರೆ. ಊರಿನ ಆ ತುದಿ, ಲೇಕ್ ಮಾರ್ಕೆಟ್ಟಿನಿಂದ ತುಳೀತಾ ಬಂದದ್ದು. ಇವತ್ತು ವ್ಯಾನ್ ತಂದ್ರೆ ಗಾಜು ಒಡೀತಾರೆ."

ಕನ್ನಡ! ವಿಜೇತಾಳ ಮುಖ ಕೆಂಪಾಯಿತು. ನೆಲ ನೋಡಿದಳು, ಸೈಕಲ್ ನೋಡಿದಳು, ಕೊನೆಗೆ ಅವನನ್ನು ನೋಡಿದಳು. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ತುಂಟ ನಗುವಿತ್ತು.

"ತಪ್ಪಾತ್ರಿ," ಎಂದಳು. ಹಾಗೆಂದು ಸೋಲಲೂ ಮನಸ್ಸಿಲ್ಲ. "ಆದ್ರ ನಿಮ್ಮ ಸಾಂಬಾರಿಗೆ ಅಷ್ಟ್ಯಾಕ್ರಿ ಬೆಲ್ಲ ಹಾಕ್ತೀರಿ? ಅದು ಸಾಂಬಾರೋ ಪಾಯಸೋ?"

ಅವನು ಗಟ್ಟಿಯಾಗಿ ನಕ್ಕುಬಿಟ್ಟ.

ಹೆಸರು ರವಿರಾಜ. ಉಡುಪಿ ಕಡೆಯ ತಂದೆ ಕಲ್ಕತ್ತಕ್ಕೆ ಬಂದು ಲೇಕ್ ಮಾರ್ಕೆಟ್ಟಿನ ಹತ್ತಿರ ಸಣ್ಣದೊಂದು ಮೆಸ್ ತೆರೆದಿದ್ದರು. ತಂದೆ ತೀರಿಕೊಂಡ ಮೇಲೆ ತಾಯಿ ಲೀಲಾ ಅಡಿಗೆಮನೆ ನೋಡಿಕೊಂಡರೆ, ಮಗ ಹೊರಗಿನ ಕೇಟರಿಂಗ್ ಬೆಳೆಸಿದ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಉಡುಪಿಗೆ ಹೋದರೆ ಅಲ್ಲಿಯವರು ಅವನನ್ನು ಕಲ್ಕತ್ತದವ ಅನ್ನುತ್ತಿದ್ದರು, ಕಲ್ಕತ್ತದವರು ಮದ್ರಾಸಿ ಅನ್ನುತ್ತಿದ್ದರು.

ಮರುದಿನದಿಂದ ಅವಳ ಡಬ್ಬಿಯ ಸಾಂಬಾರಿನಲ್ಲಿ ಬೆಲ್ಲ ಇರಲಿಲ್ಲ.

*

ಆಗ ಫೋನಿನಲ್ಲಿ ಮ್ಯಾಪ್ ಇರಲಿಲ್ಲ. ಸಾಲ್ಟ್ ಲೇಕಿನ ರಸ್ತೆಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ತನ್ನ ಪೇಯಿಂಗ್ ಗೆಸ್ಟ್ ಮನೆಗೆ ಹೋಗುವ ತಿರುವನ್ನು ವಿಜೇತಾ ವಾರಕ್ಕೊಮ್ಮೆಯಾದರೂ ತಪ್ಪುತ್ತಿದ್ದಳು. ಟ್ಯಾಕ್ಸಿಗೆ ಕೈ ಮಾಡಿದರೆ ಡ್ರೈವರ್ ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, "ಜಾಬೋ ನಾ" ಎಂದು ಹೊರಟೇಬಿಡುತ್ತಿದ್ದ. ಬರುವುದಿಲ್ಲ ಅನ್ನಲಿಕ್ಕೆ ನಿಲ್ಲಿಸುವುದಾದರೂ ಯಾಕೆ? ನಲ್ಲಿಯ ನೀರಿಗೆ ತಲೆಗೂದಲು ತೆಂಗಿನ ನಾರಾಗಿತ್ತು. ಮನೆಯೊಡತಿ ಪ್ರೀತಿಯಿಂದ ಕೊಟ್ಟ ತರಕಾರಿ ಪಲ್ಯದಲ್ಲಿ ಮೀನಿನ ತಲೆ ಇಣುಕಿತ್ತು. "ಮೀನು ಅಂದ್ರ ವೆಜ್ಜೇ ಅಂತವಾ," ಎಂದು ಅವ್ವನಿಗೆ ಫೋನಿನಲ್ಲಿ ಹೇಳುತ್ತ ಅವಳು ಅತ್ತಿದ್ದಳು.

ಬಂದ ಮೊದಲ ವಾರವೇ ಬೆಂಗಳೂರಿಗೆ ವಾಪಸ್ ಟ್ರಾನ್ಸ್‌ಫರ್ ಕೇಳಿಯಾಗಿತ್ತು.

ಇದೆಲ್ಲ ದೂರನ್ನೂ ಕೇಳಿಸಿಕೊಳ್ಳುವವನು ಈಗ ಒಬ್ಬ ಸಿಕ್ಕಿದ್ದ. ಡಬ್ಬಿ ಕೊಡಲು ಬಂದವನನ್ನು ನಿಲ್ಲಿಸಿಕೊಂಡು ಅವಳು ಅವತ್ತವತ್ತಿನ ಸಿಟ್ಟು ಕಾರುತ್ತಿದ್ದಳು. ತನ್ನೂರನ್ನು ಬೈದರೂ ಅವನು ಬೇಸರಿಸದೆ ಕೇಳುತ್ತಿದ್ದ. ಒಂದು ದಿನ ಮಾತ್ರ ಹೇಳಿದ:

"ನೀವು ಈ ಊರನ್ನು ನೋಡಿದ್ದು ಆಫೀಸ್ ಕ್ಯಾಬಿನ ಕಿಟಕಿಯಿಂದ ಮಾತ್ರ. ಒಂದು ಭಾನುವಾರ ನನಗೆ ಕೊಡಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ."

ಕೊಟ್ಟಳು. ಒಂದು ಕೊಟ್ಟಿದ್ದು ಚಳಿಗಾಲದ ಅಷ್ಟೂ ಭಾನುವಾರಗಳಾದವು.

ಮೊದಲ ಸಲ ವಿಕ್ಟೋರಿಯಾ ಮೆಮೋರಿಯಲ್. ಬಿಳಿ ಗುಮ್ಮಟ ನೋಡಬೇಕಾದವಳು ಹುಲ್ಲಿನ ಕಡೆ ನೋಡುತ್ತ ನಿಂತಳು. ಮರದ ಬುಡಗಳಲ್ಲಿ, ಬೆಂಚುಗಳ ಮೇಲೆ, ಎಲ್ಲೆಲ್ಲೂ ಛತ್ರಿಗಳು.

"ಮಳಿ ಇಲ್ಲ, ಬಿಸಲಿಲ್ಲ, ಈ ಮಂದಿ ಛತ್ರಿ ಯಾಕ ಹಿಡಕೊಂಡಾರ?"

ರವಿರಾಜ ಗಂಟಲು ಸರಿಮಾಡಿಕೊಂಡ. "ಛತ್ರಿ ಕೆಳಗೆ ನೋಡಿ."

ನೋಡಿದಳು. ಪ್ರತಿ ಛತ್ರಿಯ ಕೆಳಗೂ ಎರಡು ಜೊತೆ ಕಾಲು. "ಅಯ್ಯ!" ಎಂದು ಮುಖ ತಿರುಗಿಸಿ ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಅವಳ ಭುಜ ನಗುವಿಗೆ ಕುಲುಕುತ್ತಿದ್ದುದನ್ನು ಅವನು ಕಳ್ಳಗಣ್ಣಿನಲ್ಲಿ ನೋಡಿದ.

ಮಧ್ಯಾಹ್ನ ಬಿಸಿಲೇರಿತು. ಅವನು ಯೋಚನೆಯಿಲ್ಲದೆ ಚೀಲದಿಂದ ಛತ್ರಿ ತೆಗೆದು ಅವಳ ತಲೆಯ ಮೇಲೆ ಬಿಚ್ಚಿದ. ಅವಳು ತಲೆಯೆತ್ತಿ ಛತ್ರಿಯನ್ನು ನೋಡಿದಳು, ಅವನೂ ನೋಡಿದ. ಮರುಗಳಿಗೆ ಅದನ್ನು ಎಷ್ಟು ಅವಸರದಲ್ಲಿ ಮುಚ್ಚಿದನೆಂದರೆ ಕಡ್ಡಿಗೆ ಬೆರಳು ಸಿಕ್ಕಿಕೊಂಡಿತು. ಬಿಡಿಸಿದವಳು ಅವಳೇ. ಬೆರಳು ಬಿಡಿಸಲು ಬೇಕಾದುದಕ್ಕಿಂತ ತುಸು ಹೆಚ್ಚೇ ಹೊತ್ತು ಹಿಡಿದಿದ್ದಳೆಂಬುದು ಇಬ್ಬರಿಗೂ ಗೊತ್ತಾಯಿತು.

ಆಮೇಲೆ ಮೈದಾನದ ಅಂಚಿನಲ್ಲಿ ತೂಗಾಡುತ್ತ ಹೋಗುವ ಟ್ರಾಮ್. ಕಾಲೇಜ್ ಸ್ಟ್ರೀಟಿನ ಹಳೆ ಪುಸ್ತಕಗಳ ವಾಸನೆ. ಮಣ್ಣಿನ ಕುಡಿಕೆಯಲ್ಲಿ ಚಹಾ. ಕುಡಿದು ಮುಗಿಸಿದ ಮೇಲೆ ಅದನ್ನು ಎಸೆಯಲು ಅವಳಿಗೆ ಮನಸ್ಸೇ ಬಾರದು. ಸಂಜೆ ಲೇಕ್ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ದಂಡೆ, ಫಿಲ್ಟರ್ ಕಾಫಿಪುಡಿ, ಕೊನೆಗೆ ಲೀಲಾ ಅವರ ಅಡಿಗೆಮನೆ.

"ಎಂತ ಮಗಾ, ಬಡವಾಗಿದ್ದಿ? ಸೊಪ್ಪಿನ ತಂಬುಳಿ ಮಾಡಿದ್ದೇನೆ, ಕೂತ್ಕೋ," ಎನ್ನುತ್ತಿದ್ದರು ಅವರು.

"ಅಮ್ಮ, ಅವರು ಬಡವಾಗಲಿಲ್ಲ. ಬೈದು ಬೈದು ಸುಸ್ತಾದದ್ದು."

"ನೋಡ್ರಿ ಅಮ್ಮಾ ನಿಮ್ಮ ಮಗಾ!"

ವಿಜೇತಾ ಮೆಟ್ಟಿಲಿಳಿಯುವಾಗ ಲೀಲಾ ಅವರು ಅವಳ ಜಡೆಗೆ ಹೂ ಸಿಕ್ಕಿಸಿ ಕಳಿಸುತ್ತಿದ್ದರು. ಬಸ್ಸಿನಲ್ಲಿ ಕೂತ ಮೇಲೂ ಆ ಪರಿಮಳ ಅವಳ ಜೊತೆ ಸಾಲ್ಟ್ ಲೇಕಿನ ತನಕ ಬರುತ್ತಿತ್ತು.

*

ಫೆಬ್ರುವರಿಯಲ್ಲಿ ಟ್ರಾನ್ಸ್‌ಫರ್ ಬಂತು.

ಮ್ಯಾನೇಜರ್ ಕೈ ಕುಲುಕಿ, "ಖುಷಿ ತಾನೆ?" ಎಂದರು. ವಿಜೇತಾ ಹೌದೆಂದಳು. ರವಿರಾಜನಿಗೆ ಹೇಗೆ ಹೇಳುವುದೆಂದು ತಿಳಿಯದೆ ದಿನ ದೂಡಿದಳು. ಆದರೆ ಊಟದ ಲೆಕ್ಕ ನೋಡುವ ಆಫೀಸಿನ ಗುಮಾಸ್ತ ಅವನಿಗೆ ಎಲ್ಲರೆದುರೇ ಹೇಳಿಬಿಟ್ಟ: "ಮುಂದಿನ ತಿಂಗಳಿಂದ ಒಂದು ಡಬ್ಬಿ ಕಮ್ಮಿ. ವಿಜೇತಾ ಮೇಡಂ ಹೋಗ್ತಿದ್ದಾರೆ."

ಮರುದಿನ ವ್ಯಾನ್ ಬಂತು, ಅವನು ಬರಲಿಲ್ಲ. ಫೋನ್ ಮಾಡಿದರೆ, "ಸ್ವಲ್ಪ ಕೆಲಸ ಉಂಟು," ಎಂದ. ದನಿ ಪರಿಚಯವೇ ಇಲ್ಲದ ಯಾರದೋ ಎಂಬಂತಿತ್ತು.

ಭಾನುವಾರ ಅವಳೇ ಲೇಕ್ ಮಾರ್ಕೆಟ್ಟಿಗೆ ಹೋದಳು. ಲೀಲಾ ಅವರು ಬಾಗಿಲಲ್ಲಿ ಅವಳ ಮುಖ ನೋಡಿ ಒಳಗೆ ಕರೆಯಲಿಲ್ಲ.

"ಅವ ಬಾರಾನಗರಕ್ಕೆ ಹೋಗಿದ್ದಾನೆ, ಪ್ರೊಫೆಸರ್ ಹಿರಿಯಣ್ಣನವರಲ್ಲಿ ನಾಮಕರಣದ ಅಡಿಗೆ. ಕುಠಿಘಾಟಿನ ಹತ್ರ." ಆಮೇಲೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಂದರು, "ಹೋಗು ಮಗಾ. ಮೂರು ದಿನದಿಂದ ಮನೇಲಿ ಮಾತಿಲ್ಲ."

ಊರಿನ ಈ ತುದಿಯಿಂದ ಆ ತುದಿಗೆ. ಮೆಟ್ರೋದಲ್ಲಿ ದಮ್‌ದಮ್‌ಗೆ ಹೋಗಿ ಇಳಿದಳು. ಆಟೋದವನು "ಜಾಬೋ ನಾ" ಅಂದಾಗ, "ಕ್ಯಾನೋ ಜಾಬೇನ್ ನಾ?" ಯಾಕೆ ಬರುವುದಿಲ್ಲ ಎಂದು ಅವನದೇ ಭಾಷೆಯಲ್ಲಿ ಜಗಳಕ್ಕೆ ನಿಂತಳು. ಅವನು ನಕ್ಕು ಹತ್ತಿಸಿಕೊಂಡ. ಆಟೋ ಹೊರಟ ಮೇಲೆ ಅವಳಿಗೆ ಹೊಳೆಯಿತು: ಈ ಊರಲ್ಲಿ ತಾನು ಒಬ್ಬಳೇ ಇಷ್ಟು ದೂರ ಬಂದದ್ದು ಇದೇ ಮೊದಲು, ಆದರೂ ದಾರಿ ತಪ್ಪಿರಲಿಲ್ಲ.

ಘಾಟಿನ ಮೆಟ್ಟಿಲ ಮೇಲೆ ರವಿರಾಜ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ತೊಳೆದ ಹಂಡೆಗಳು ವ್ಯಾನಿಗಾಗಿ ಕಾಯುತ್ತಿದ್ದವು. ಅವಳನ್ನು ಕಂಡು ಎದ್ದು ನಿಂತ. ಆ ಹೊತ್ತಿಗೆ ನದಿಯಾಚೆ ಬೇಲೂರು ಮಠದ ಕಡೆ ಹೋಗುವ ದೋಣಿ ಬಂದು ನಿಂತಿತು.

"ಹತ್ರಿ," ಎಂದಳು. ಅವನು ಹಂಡೆಗಳನ್ನೊಮ್ಮೆ ನೋಡಿದ. "ಅವನ್ನ ಯಾರೂ ಒಯ್ಯಂಗಿಲ್ಲ. ಹತ್ರಿ."

ದೋಣಿ ನಡುನೀರಿಗೆ ಬಂತು. ಗಂಗೆಯ ಮೇಲೆ ಸಂಜೆಯ ಬಿಸಿಲು ಹಳದಿಯಾಗಿ ಮಲಗಿತ್ತು.

"ನೀವು ಹೇಳ್ಬಹುದಿತ್ತು," ಎಂದ ಅವನು.

"ನೀವೂ ಹೇಳಬಹುದಿತ್ತು."

"ನಾನು ಎಂತ ಹೇಳುವುದು?"

"ಅದನ್ನ. ಛತ್ರಿ ಮುಚ್ಚಿದ ದಿನದಿಂದ ಹೇಳದ ಇಟ್ಟಕೊಂಡದ್ದನ್ನ."

ಅವನು ನೀರಿನ ಕಡೆ ತಿರುಗಿದ. "ನನ್ನ ಹತ್ರ ಅದಕ್ಕೆ ಶಬ್ದ ಇಲ್ಲ ವಿಜೇತಾ. ನನ್ನ ಕನ್ನಡ ಎಲ್ಲ ಅಮ್ಮ ಅಡಿಗೆಮನೇಲಿ ಕೊಟ್ಟದ್ದು. ಉಪ್ಪು ಕೊಡು, ಕೈ ತೊಳಿ, ಬಾಗಿಲು ಹಾಕು. ಇಂಥದ್ದು ಹೇಳ್ಲಿಕ್ಕೆ ಯಾರೂ ಕಲಿಸಲಿಲ್ಲ. ಬೆಂಗಾಲಿಯಲ್ಲಾದ್ರೆ ಚೆಂದ ಹೇಳ್ತೇನೆ. ಆದ್ರೆ ಅದು ನಿಮಗೆ ಹೇಳಿದ ಹಾಗಾಗುವುದಿಲ್ಲ."

"ಇದ್ದ ಶಬ್ದದಾಗ ಹೇಳ್ರಿ."

"ಎಲ್ಲರ ಡಬ್ಬಿ ಕೆಲಸದವರು ಕಟ್ತಾರೆ. ನಿಮ್ಮದು ನಾನೇ ಕಟ್ತಿದ್ದೆ." ಅವನ ದನಿ ಸಣ್ಣದಾಯಿತು. "ನೀವು ಹೋದ ಮೇಲೆ ಬೆಳಿಗ್ಗೆ ಎದ್ದು ನಾನು ಎಂತ ಮಾಡುವುದು?"

ವಿಜೇತಾಳ ಕಣ್ಣು ತುಂಬಿ ನದಿಯೆಲ್ಲ ಕಲಸಿಹೋಯಿತು. "ಈ ಊರು ಸೇರವಲ್ಲದು ಅಂತ ನಾನ ಟ್ರಾನ್ಸ್‌ಫರ್ ಕೇಳಿದ್ದೆ. ಕೊಟ್ಟ ದಿನ ಬಾತ್‌ರೂಮಿನ್ಯಾಗ ನಿಂತು ಅತ್ತೀನ್ರಿ."

"ಯಾಕೆ?"

"ಯಾಕ ಅಂತ ಕೇಳ್ತೀರಲ್ರಿ!" ಎಂದು ಅವನ ತೋಳಿಗೆ ಒಂದು ಗುದ್ದಿದಳು. ಗುದ್ದಿದ ಕೈ ಅಲ್ಲೇ ಉಳಿಯಿತು.

ಆಚೆ ದಡ ಬಂತು. ಎಲ್ಲರೂ ಇಳಿದರು, ಹೊಸಬರು ಹತ್ತಿದರು. ಟಿಕೆಟಿನವನು ಇಳಿಯಿರೆಂದು ಕೂಗಿದ. ಅವರಿಬ್ಬರೂ ಇನ್ನೆರಡು ಟಿಕೆಟ್ ತೆಗೆದುಕೊಂಡು ಕೂತೇ ಇದ್ದರು.

*

ಬಂದ ಟ್ರಾನ್ಸ್‌ಫರ್ ಎಷ್ಟು ಕೇಳಿಕೊಂಡರೂ ರದ್ದಾಗಲಿಲ್ಲ. ಅವಳ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಮಾರ್ಚಿನಲ್ಲಿ ಹೌರಾದಿಂದ ರೈಲು ಹತ್ತಿದಳು.

ಧಾರವಾಡದ ಮನೆಯಲ್ಲಿ ರವಿರಾಜನ ವಿಷಯ ಹೇಳಿದಾಗ ಅಪ್ಪ ಉಮಾಪತಿ ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ, ಮಿತಭಾಷಿ ಮನುಷ್ಯ. "ನಮ್ಮ ಮಂದಿ ಅಲ್ಲ. ನಮ್ಮ ಕಡೆಯಾವ ಅಲ್ಲ. ಮಗಳನ್ನ ಎರಡು ದಿನದ ದಾರಿ ದೂರ ಕೊಟ್ಟು ನಾ ಹ್ಯಾಂಗ ನಿದ್ದಿ ಮಾಡ್ಲಿ?" ಎಂದು ಕೈ ತೊಳೆದು ಎದ್ದರು. ಆಮೇಲೆ ಆ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ.

ಬೆಂಗಳೂರಿನಲ್ಲಿ ನೀರು ಚೆನ್ನಾಗಿತ್ತು, ಭಾಷೆ ತನ್ನದಿತ್ತು, ಊಟಕ್ಕೆ ಕೊರತೆಯಿರಲಿಲ್ಲ. ಭಾನುವಾರ ಬಂದರೆ ಮಾತ್ರ ವಿಜೇತಾಗೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ರವಿರಾಜ ಫೋನ್ ಮಾಡುತ್ತಿದ್ದ. "ನೀವು ಅಪ್ಪನಿಗೆ ನೋವು ಮಾಡಬೇಡಿ, ನಾನು ಕಾಯ್ತೇನೆ," ಎನ್ನುತ್ತಿದ್ದ. ಮಳೆಗಾಲ ಕಳೆಯಿತು, ದಸರೆ ಕಳೆಯಿತು.

ನವೆಂಬರಿನಲ್ಲಿ ಅಪ್ಪ ತಮ್ಮ ರೈಲ್ವೆ ಪಾಸ್ ತೆಗೆದುಕೊಂಡು, ಕಾಶಿಗೆ ಹೋಗಿ ಬರುತ್ತೇನೆಂದು ಒಬ್ಬರೇ ಹೊರಟರು.

ನಾಲ್ಕಾರು ದಿನ ಕಳೆದಿರಬೇಕು. ಆಫೀಸಿನಲ್ಲಿದ್ದವಳಿಗೆ ರವಿರಾಜನ ನಂಬರಿನಿಂದ ಫೋನ್ ಬಂತು. ಎತ್ತಿದರೆ ಅಪ್ಪನ ದನಿ.

"ವಿಜಿ, ನಾ. ನನ್ನ ಮೊಬೈಲ್ ಇಲ್ಲಿ ಹತ್ತವಲ್ಲದು. ಕಲ್ಕತ್ತಾದಾಗ ಅದೀನಿ."

ಅವಳು ಕುರ್ಚಿಯಿಂದ ಎದ್ದು ನಿಂತಳು.

"ಏನ್ ಊರವಾ ಇದು! ಟ್ಯಾಕ್ಸಿಯಾಂವ ನಿಂತು, ಕೇಳಿ, ಬರಂಗಿಲ್ಲ ಅಂದು ಹೋದ. ಚಹಾ ಕುಡಿಕಿ ಹಿಡದು ಕೈಬಟ್ಟ ಸುಟ್ಟಕೊಂಡೆ. ರಸ್ತೆ ದಾಟೂದಂದ್ರ ಜೀವಾ ಬಾಯಿಗೆ ಬರ್ತದ."

"ಅಪ್ಪಾ, ನೀ ಅಲ್ಲಿ..."

"ಹೆಸರು ಹೇಳದ ಅವರ ಮೆಸ್ಸಿನ್ಯಾಗ ಉಣ್ಣಾಕ ಕುಂತೆ. ಹುಡುಗ ಬಡಿಸ್ತಾ ಬಡಿಸ್ತಾ ನನ್ನ ಮಾರಿ ನೋಡಿ, 'ಈ ಮೂಗು ನನಗೆ ಗೊತ್ತುಂಟು' ಅಂದ! ಆವತ್ತಿಂದ ಬಿಡವಲ್ಲ. ಅಲ್ಲಿ ನೋಡ್ರಿ, ಇಲ್ಲಿ ನೋಡ್ರಿ ಅಂತ ಊರ ತುಂಬ ತಿರುಗಸಾಕತ್ಯಾನ. ಈಗ ಟ್ರಾಮಿನ್ಯಾಗ ಕುಂತೀವಿ."

ಅಪ್ಪನ ದನಿ ಇಳಿಯಿತು.

"ನಾ ಕೇಳಿದೆ ಅವಂಗ, ನಮ್ಮ ಹುಡುಗಿನ್ನ ಇಲ್ಲಿ ಹ್ಯಾಂಗ ಇಟ್ಟಕೋತೀಪಾ ಅಂತ. 'ಸಿಟ್ಟು ಬಂದ್ರೆ ಕೂತು ಕೇಳ್ತೇನೆ, ಬೇಸರ ಆದ್ರೆ ಹೊರಗೆ ಕರ್ಕೊಂಡು ಹೋಗ್ತೇನೆ' ಅಂದ. ಅಷ್ಟ. ವಿಜಿ, ಮನೀಗೆ ಪಾಸ್ ಬಂದು ಬಂದು ಬಿದ್ದಾವ, ನಾ ನಿಮ್ಮವ್ವಗ ಒಂದು ಊರು ತೋರಿಸಿಲ್ಲ. ಆಕಿ ಸಿಟ್ಟಿಗೆ ಬಂದ್ರ ನಾ ಎದ್ದು ಹೊರಗ ಹೋಗ್ತಿದ್ದೆ."

ವಿಜೇತಾ ಖಾಲಿಯಿದ್ದ ಮೀಟಿಂಗ್ ರೂಮಿಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಅತ್ತ ಟ್ರಾಮಿನ ಗಂಟೆ ಟಣ್ ಟಣ್ ಎನ್ನುತ್ತಿತ್ತು.

"ಮದುವಿಗೆ ಮೊದಲ ನಿಮ್ಮವ್ವನ್ನ ಕರಕೊಂಡ ಬಂದು ಇದೆಲ್ಲಾ ತೋರಸಬೇಕು," ಎಂದರು ಅಪ್ಪ.

"ಮದುವಿ ಅಂದ್ರ... ಅಪ್ಪಾ?"

"ಮತ್ತ? ಇಷ್ಟ ದೂರ ಬರೇ ಉಣ್ಣಾಕ ಬಂದೀನೇನು? ತಗೋ, ಅವಂಗ ಕೊಡ್ತೀನಿ."

ಫೋನ್ ಕೈ ಬದಲಾಯಿತು. ಅವನ ಉಸಿರು ಕೇಳುತ್ತಿತ್ತು. ಮಾತಿನ ಮಲ್ಲರಿಬ್ಬರೂ ಏನೂ ಹೇಳಲಾರದೆ ಸುಮ್ಮನೆ ಫೋನ್ ಹಿಡಿದಿದ್ದರು. ವಿಜೇತಾಳ ಇಡೀ ಜೀವನದಲ್ಲಿ ಅಷ್ಟು ಹಿತವಾದ ಮೌನ ಇನ್ನೊಂದಿಲ್ಲ. ಈಗಲೂ ನೆನೆದರೆ ಅವಳ ಮುಖ ತಾನಾಗಿ ಅರಳುತ್ತದೆ.

"ಬರ್ತೀರಲ್ಲ?" ಎಂದ ಅವನು ಕೊನೆಗೆ.

"ಬರ್ತೀನ್ರಿ," ಎಂದಳು.