ಪೊರಕೆ ನಿಲ್ಲುವ ಜಾಗ

"ನಮ್ಮ ಸ್ಟಾಫ್ ರೂಮಿನ ಪೊರಕೆ ಕದ್ದೋರು ಯಾರ್ರೀ?"

ಶಾಲೆಯ ಲೆಕ್ಕದ ಮಿಸ್ ಪ್ರಯೋಗಾಲಯದ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಒಳಗೆ, ಅಂದಷ್ಟೇ ಕೆಲಸಕ್ಕೆ ಸೇರಿದ್ದ ಭೌತಶಾಸ್ತ್ರದ ಮೇಷ್ಟ್ರು ಉದ್ದ ಕೋಲಿನ ಆ ಪೊರಕೆಯನ್ನು ಒಂದೇ ಬೆರಳಿನ ಮೇಲೆ ಅಡ್ಡಡ್ಡ ನಿಲ್ಲಿಸಿಕೊಂಡಿದ್ದ. ಪೊರಕೆ ಒಂಚೂರೂ ಅಲುಗುತ್ತಿರಲಿಲ್ಲ!

"ಒಂದು ಪ್ರಶ್ನೆ ಮಿಸ್," ಎಂದ, ಕ್ಷಮೆ ಕೇಳುವ ಗೋಜಿಗೇ ಹೋಗದೆ. "ಈ ಬೆರಳಿರೋ ಜಾಗದಲ್ಲೇ ಇದನ್ನ ಕತ್ತರಿಸಿದ್ರೆ ಯಾವ ತುಂಡು ಭಾರ?"

"ಎರಡೂ ಸಮ! ಅದಕ್ಕೇ ತಾನೆ ಬೀಳದೆ ನಿಂತಿರೋದು?"

"ತಪ್ಪು."

ತಪ್ಪಂತೆ! ಇಷ್ಟು ವರ್ಷ ಲೆಕ್ಕ ಹೇಳಿಕೊಟ್ಟವಳಿಗೆ! ಅವನು ವಿವರಿಸಲು ಬಾಯಿ ತೆರೆದ.

"ಉತ್ತರ ಹೇಳಿದ್ರೆ ನೋಡಿ ಮತ್ತೆ!" ಎಂದು ಗದರಿಸಿ ಹೊರಟೇಬಿಟ್ಟಳು.

ಅಂದು ಸಂಜೆ ಮನೆಯಲ್ಲಿ ಅಕ್ಕನ ಹೊಸ ಪೊರಕೆ ಎರಡು ತುಂಡಾಯಿತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ, ಗುಡಿಸುವ ಕಡೆಯ ಗಿಡ್ಡ ತುಂಡೇ ಭಾರ! ಉದ್ದದ ತುಂಡು ಹಗುರವಾದರೂ ದೂರಕ್ಕೆ ಚಾಚಿಕೊಂಡಿದ್ದಕ್ಕೆ ಅದನ್ನು ಸರಿತೂಗಿಸಿತ್ತು.

"ನಿನಗೇನು ತಲೆ ಕೆಟ್ಟಿದೆಯೇನೇ?" ಎಂದು ಅಕ್ಕ ಬೈಯುತ್ತಿದ್ದರೆ ಇವಳು ಚಪ್ಪಾಳೆ ತಟ್ಟಿಕೊಂಡು ಕುಣಿಯುತ್ತಿದ್ದಳು.

ಆ ಖುಷಿಯಲ್ಲೇ ಪ್ರೀತಿ ಹುಟ್ಟಿತು ನೋಡಿ. ಬೇರೆಯವರು ಹೂವು ಕೊಡುತ್ತಾರೆ, ಇವರಿಬ್ಬರೂ ಲೆಕ್ಕ ಕೊಟ್ಟುಕೊಂಡರು. ಶಾಲೆಯ ಮಕ್ಕಳು ಅವನಿಗೆ 'ಪೊರಕೆ ಮೇಷ್ಟ್ರು' ಎಂದು ಹೆಸರಿಟ್ಟರು. ಇಬ್ಬರ ನಡುವೆ ಇದ್ದದ್ದು ಒಂದೇ ಕಟ್ಟಳೆ... ಸುಲಭದ್ದನ್ನು ಕೊಡಕೂಡದು. ಕೊಟ್ಟರೆ ಅವಮಾನ ಮಾಡಿದ ಹಾಗೆ! ಒಮ್ಮೆ ಅವಳಿಗೆ ತಲೆನೋವೆಂದು ಅವನು ಸಣ್ಣ ಲೆಕ್ಕ ಕೊಟ್ಟಿದ್ದಕ್ಕೆ ವಾರವಿಡೀ ಮುಖ ಊದಿಸಿಕೊಂಡಿದ್ದಳು.

ಆ ತಲೆನೋವು ಮಾತ್ರ ಹೋಗಲಿಲ್ಲ. ಮಿದುಳಿನಲ್ಲಿ ಗೆಡ್ಡೆ ಎಂದರು ಡಾಕ್ಟರು.

ಆಪರೇಷನ್ನಿನ ದಿನ, ತಳ್ಳುಮಂಚದ ಪಕ್ಕ ನಡೆಯುತ್ತಾ ಅವನು ಕೇಳಿದ. "ಪೊರಕೆಯ ಎರಡು ತುದಿಗೆ ಕೆಳಗಿಂದ ಒಂದೊಂದು ಬೆರಳು ಕೊಟ್ಟು, ನಿಧಾನಕ್ಕೆ ಎರಡನ್ನೂ ಹತ್ತಿರ ತನ್ನಿ. ಹೇಗೇ ತಂದ್ರೂ ಅವು ಸೇರೋದು ಪೊರಕೆ ನಿಲ್ಲೋ ಜಾಗದಲ್ಲೇ. ಯಾಕೆ?"

"ಹೇಳ್ಬೇಡಿ. ವಾಪಸ್ ಬಂದು ನಾನೇ ಹೇಳ್ತೀನಿ."

"ಬರ್ಲೇಬೇಕು," ಎಂದ.

ಅವಳು ಬಂದಳು. ಅಂಕಿಗಳು ಬರಲಿಲ್ಲ.

ಅವಳಿಗೆ ಎಚ್ಚರವಾದ ಮೇಲೆ ಅವನು ಮಂಚದ ಪಕ್ಕ ಕೂತು, ತಲೆ ತಗ್ಗಿಸಿ ಮೆಲ್ಲಗೆ ಕೇಳಿದ. "ಏಳಕ್ಕೆ ಐದು ಸೇರಿಸಿದ್ರೆ ಎಷ್ಟು ಮಿಸ್?"

ಇವನಾ... ಇವನು ನನಗೆ ಇಂಥ ಲೆಕ್ಕ ಕೊಡುವುದಾ? ಅದಕ್ಕಿಂತ ದೊಡ್ಡ ಆಘಾತ ಇನ್ನೊಂದಿತ್ತು. ಉತ್ತರ ಗೊತ್ತಿರಲಿಲ್ಲ!

"ಅಯ್ಯೋ ಪಾಪ ಅನ್ನೋಕೆ ಬಂದ್ರಾ? ಹೊರಡಿ! ಇನ್ಮೇಲೆ ಮುಖ ತೋರಿಸ್ಬೇಡಿ!" ಎಂದು ನೀರಿನ ಲೋಟ ಎಸೆದಳು.

ಕೆಲಸ ಹೋಯಿತು. ಗಡಿಯಾರ ನೋಡಿದರೆ ಗಂಟೆ ಎಷ್ಟೆಂದು ತಿಳಿಯುತ್ತಿರಲಿಲ್ಲ. ಫೋನು ಮಾಡಲೂ ಅಕ್ಕನೇ ಬೇಕು. ಕಳೆದದ್ದು ಮರಳುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟರು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ದಿನವೂ ಸಂಜೆ ಗೇಟಿನ ಸದ್ದಾಗುತ್ತಿತ್ತು. ಅಕ್ಕ ಹೋಗಿ ಏನೋ ಹೇಳಿ ಅವನನ್ನು ಕಳಿಸಿಬರುತ್ತಿದ್ದಳು. ಅವನ ಸುದ್ದಿ ಎತ್ತಿದರೆ ಊಟ ಬಿಡುತ್ತೇನೆ ಎಂದು ಇವಳು ಹೆದರಿಸಿದ್ದಳಲ್ಲ!

ಒಂದು ಸಂಜೆ ಗೇಟಿನ ಸದ್ದಾದಾಗ ಅಕ್ಕನಿಗೆ ತಡೆಯಲಾಗಲಿಲ್ಲ.

"ಊಟ ಬಿಟ್ರೆ ಬಿಡು, ಹೇಳೇಬಿಡ್ತೀನಿ. ಸುಲಭದ್ದು ಕೇಳಿ ನೋಡಿ ಅಂದಿದ್ದು ಡಾಕ್ಟರು ಕಣೇ. ಅವಳ ಹತ್ರ ಅದನ್ನ ಮಾತ್ರ ಕೇಳಲಾರೆ ಅಂತ ಅವನು ಕೈಮುಗಿದ. ನಾನೇ ಬಲವಂತ ಮಾಡ್ದೆ. ಅವನು ಕೇಳಿದ್ರೆ ನೀನು ಬಾಯಿ ಬಿಡ್ತೀಯ ಅಂತ..."

ಅವಳು ಎದ್ದು, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದಳು. ಅವನು ಮೆಟ್ಟಿಲ ಕೆಳಗಿದ್ದ. ಕೈಯಲ್ಲಿ ಶಾಲೆಯ ಪೊರಕೆ.

"ಮತ್ತೆ ಕದ್ರಾ?" ಎಂದಳು. ಆಮೇಲೆ ಅಳು ಒತ್ತರಿಸಿ ಬಂತು. "ಯಾಕೆ ಬರ್ತೀರಿ ಮೇಷ್ಟ್ರೇ? ನನಗಿನ್ನು ಲೆಕ್ಕ ಬರಲ್ಲ. ನಾನು ನಿಮಗೆ ಸಮ ಅಲ್ಲ."

"ಅಕ್ಕನ ಪೊರಕೆ ಕತ್ತರಿಸಿ ತೂಗಿದ್ರಲ್ಲ, ಎರಡು ತುಂಡೂ ಸಮ ಇದ್ವಾ?"

ಅವಳು ಕಣ್ಣೊರೆಸಿಕೊಂಡಳು.

"ವಾಪಸ್ ಬಂದು ಉತ್ತರ ಹೇಳ್ತೀನಿ ಅಂದಿದ್ರಿ. ಕೇಳೋಕೆ ಬಂದೆ."

"ಸುಲಭದ್ದಾ?"

"ಅಲ್ಲ. ಕಷ್ಟದ್ದೇ."

ಅವನು ಕೆಳಗಿನಿಂದಲೇ ಪೊರಕೆ ಚಾಚಿದ. ಅವಳು ಅದರ ಎರಡು ತುದಿಗೆ ಒಂದೊಂದು ಬೆರಳು ಕೊಟ್ಟು ಮೆಲ್ಲಗೆ ಹತ್ತಿರ ತಂದಳು. ಒಂದು ಬೆರಳು ಸರಿಯಿತು, ಇನ್ನೊಂದು ಕಚ್ಚಿಕೊಂಡು ನಿಂತಿತು. ಆಮೇಲೆ ಸರಿದದ್ದು ನಿಂತು, ನಿಂತದ್ದು ಸರಿಯಿತು. ಬೆರಳುಗಳು ಸೇರಿದವು. ಪೊರಕೆ ಬೀಳಲಿಲ್ಲ. ಇನ್ನೊಮ್ಮೆ ಮಾಡಿದಳು. ಮತ್ತೊಮ್ಮೆ. ಹುಬ್ಬು ಗಂಟಿಕ್ಕಿತು. ಅರೆ... ಇದಕ್ಕೆ ಅಂಕಿ ಬೇಡವೇ ಬೇಡ!

"ಸಿಕ್ತು!" ಎಂದು ಕೂಗಿದಳು. "ಭಾರ ಜಾಸ್ತಿ ಬಿದ್ದ ಬೆರಳು ಕಚ್ಚಿಕೊಂಡು ನಿಂತುಬಿಡುತ್ತೆ. ಹಗುರ ಇರೋದು ಸರೀತಾ ಬರುತ್ತೆ. ಹತ್ತಿರ ಬಂದ ಹಾಗೆ ಅದಕ್ಕೂ ಭಾರ ಬೀಳುತ್ತೆ, ಅದು ನಿಲ್ಲುತ್ತೆ. ಆಗ ಇನ್ನೊಂದು ಹೊರಡುತ್ತೆ... ಸರೀನಾ?"

"ಸರಿ ಮಿಸ್," ಎಂದ. ಅವನ ಕೆನ್ನೆ ಒದ್ದೆಯಾಗಿತ್ತು.

"ಈ ಸಲ ನನ್ನ ಪೊರಕೆ ಮುರಿದ್ರೆ ಇಬ್ಬರಿಗೂ ಅದರಲ್ಲೇ ಬೀಳುತ್ತೆ!" ಎಂದಳು ಒಳಗಿನಿಂದ ಅಕ್ಕ, ಮೂಗು ಒರೆಸಿಕೊಳ್ಳುತ್ತಾ.

ಏಳಕ್ಕೆ ಐದು ಸೇರಿದರೆ ಎಷ್ಟೆಂದು ಅವಳಿಗೆ ಈಗಲೂ ಗೊತ್ತಿರಲಿಲ್ಲ. ಮೆಟ್ಟಿಲು ಇಳಿಯಲು ನೋಡಿದಳು. ಕಾಲು ಏಳಲಿಲ್ಲ.

"ಮೇಷ್ಟ್ರೇ... ಭಾರ ಈಗ ನನ್ನ ಕಡೆಗಿದೆ."

"ನೀವು ಅಲ್ಲೇ ನಿಂತಿರಿ. ನಾನು ಬರ್ತೀನಿ."

"ಮುಂದೆ ನಿಮ್ಮ ಕಡೆ ಬಿದ್ರೆ?"

ಅವನು ಆಗಲೇ ಮೆಟ್ಟಿಲು ಹತ್ತುತ್ತಿದ್ದ. "ಆಗ ನೀವು ಬನ್ನಿ."

"ಬರ್ತೀನಿ," ಎಂದು ಅವಳು ಕೈ ಚಾಚಿದಳು.